ಕಲ್ಲಿದ್ದಲು ಇಳಿಸಿದವರ ಮೊಮ್ಮಗಳು

ಹೋದ ವಾರ ನಮ್ಮ ಮನೆಯಲ್ಲಿ ಕಲ್ಲಿದ್ದಲನ್ನು ನಿಷೇಧಿಸಲಾಯಿತು. ಅಡುಗೆಮನೆಯ ಸ್ಟೂಲಿನ ಮೇಲೆ ನಿಂತು, ಬಲಗೈ ಮೇಲೆತ್ತಿ, ಸುಲಲಿತ ಇಂಗ್ಲಿಷಿನಲ್ಲಿ.

ನಿಷೇಧಿಸಿದವಳು ನನ್ನ ಮಗಳು ಚಿನ್ಮಯಿ. ಒಂಬತ್ತನೇ ಕ್ಲಾಸು. ಶನಿವಾರ ತಿರುವನಂತಪುರದಲ್ಲಿ ರಾಜ್ಯಮಟ್ಟದ ಡಿಬೇಟ್ ಫೈನಲ್ ಇತ್ತು. ವಿಷಯ: ‘ಭಾರತವು ಕಲ್ಲಿದ್ದಲಿನ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು’. ಇವಳದು ‘ಹೌದು’ ಪಕ್ಷ. ಗೆದ್ದವರಿಗೆ ದೆಹಲಿ ಸುತ್ತು. ಹಾಗಾಗಿ ಎರಡು ವಾರದಿಂದ ಕೇರಳದ ಆಲುವದ ನಮ್ಮ ಫ್ಲ್ಯಾಟಿನಲ್ಲಿ ಮಾತಿಗಿಂತ ಭಾಷಣವೇ ಹೆಚ್ಚು.

ಅದೇ ಹೊತ್ತಿಗೆ ಊರಿನಿಂದ ನಮ್ಮಪ್ಪ ಬಂದರು.

ನಮ್ಮಪ್ಪ ಯಾರು ಗೊತ್ತೆ? ಕಲ್ಯಾಣ ಕರ್ನಾಟಕದ ಒಂದು ಥರ್ಮಲ್ ಪ್ಲಾಂಟಿನಲ್ಲಿ ಮೂವತ್ತು ವರ್ಷ ರೈಲಿನಿಂದ ಕಲ್ಲಿದ್ದಲು ಇಳಿಸಿದವರು. ನಾನು ಹುಟ್ಟಿ ಬೆಳೆದದ್ದು ಆ ಪ್ಲಾಂಟಿನ ಕ್ವಾರ್ಟರ್ಸಿನಲ್ಲಿ. ಒಣಹಾಕಿದ ಬಟ್ಟೆಯನ್ನು ಮಡಚುವ ಮೊದಲು ಬೂದಿ ಕೊಡವುವುದು ಇಡೀ ಜಗತ್ತಿನ ಪದ್ಧತಿ ಅಂದುಕೊಂಡಿದ್ದೆ. (ಮದುವೆಯಾಗಿ ಕೇರಳಕ್ಕೆ ಬಂದ ಮೇಲೂ ಒಂದು ವರ್ಷ ಬಟ್ಟೆ ಕೊಡವಿದ್ದೇನೆ.)

ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ‘ಕೋಲ್’ ಎನ್ನುವ ಪದ ಅವರ ಕಿವಿ ತಪ್ಪಿಸುವುದುಂಟೆ?

“ಏನಂತಾಳವ್ವ ನಮ್ಮ ಕೂಸು?” ಅಂತ ಕೇಳಿದರು.

ನಾನು ಅನುವಾದಿಸಿದೆ. ಕಲ್ಲಿದ್ದಲು ಕೊಳಕು. ಕಲ್ಲಿದ್ದಲು ಕೊಲೆಗಾರ. ಕಲ್ಲಿದ್ದಲನ್ನು ನಂಬಿದ ದೇಶ ಹಿಂದುಳಿದ ದೇಶ. ಅನುವಾದಿಸುತ್ತ ಹೋದ ಹಾಗೆ ನನ್ನ ದನಿ ಸಣ್ಣದಾಯಿತು. ಅಪ್ಪ ತಟ್ಟೆಯಲ್ಲಿದ್ದ, ಅಕ್ಕಿಹಿಟ್ಟು ಹಬೆಯಲ್ಲಿ ಬೇಯಿಸಿದ ಪುಟ್ಟನ್ನು ಬೆರಳಿನಿಂದ ಪುಡಿ ಮಾಡುತ್ತ ಕೂತರು. ತಿನ್ನಲಿಲ್ಲ.

ಆಮೇಲೆ ಹೇಳಿದರು: “ಕೊಳಕು ಅನ್ನೋದು ಖರೆ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಅದನ್ನ ಇಳಿಸಿದವ್ರ ಬಗ್ಗೆ ಒಂದು ಮಾತೂ ಇಲ್ಲೇನು ಅದ್ರಾಗ?”

ಮಗಳು ನನ್ನತ್ತ ತಿರುಗಿ ಮಲಯಾಳದಲ್ಲಿ ಅಂದಳು, “ಅಮ್ಮೇ, ಅದೊನ್ನುಂ ಪರಞ್ಞಾಲ್ ಮಾರ್ಕ್ ಕಿಟ್ಟಿಲ್ಲ.” ಅದನ್ನೆಲ್ಲ ಹೇಳಿದರೆ ಮಾರ್ಕ್ಸ್ ಬರುವುದಿಲ್ಲವಂತೆ. ಇದನ್ನು ಮಾತ್ರ ನಾನು ಅನುವಾದಿಸಲಿಲ್ಲ. ಅಪ್ಪ ಕೇಳಲೂ ಇಲ್ಲ.

ಶನಿವಾರ ಬೆಳಗ್ಗೆ ಮೂವರೂ ರೈಲು ಹತ್ತಿದೆವು. ನನ್ನ ಗಂಡನಿಗೆ ವಲ್ಲಾರ್ಪಾಡಂ ಬಂದರಿನಲ್ಲಿ ಡ್ಯೂಟಿ. ಅಪ್ಪ ಕಿಟಕಿಯ ಪಕ್ಕ, ಮಗಳು ಎದುರಿಗೆ, ತೊಡೆಯ ಮೇಲೆ ಕಾರ್ಡುಗಳ ಕಟ್ಟು. ಕೋಟ್ಟಯಂವರೆಗೆ ಅವಳು ಕಾರ್ಡು ಓದಿದಳು, ಅಪ್ಪ ಹೊರಗೆ ನೋಡಿದರು. ಸ್ಟೇಜಿನ ಮೇಲೆ ಮೊಮ್ಮಗಳು ತಾತನ ಮೂವತ್ತು ವರ್ಷದ ದುಡಿಮೆಗೆ ಬೈಯುವುದನ್ನು ಕೇಳಲು ಈ ಮನುಷ್ಯನನ್ನು ಅಷ್ಟು ದೂರ ಕರೆದೊಯ್ಯುತ್ತಿದ್ದೇನಲ್ಲ, ನನಗೆ ಬುದ್ಧಿ ಇದೆಯೆ?

ಚೆಂಗನ್ನೂರು ದಾಟಿದ ಮೇಲೆ ಎದುರು ಹಳಿಯಲ್ಲಿ ಒಂದು ಗೂಡ್ಸ್ ರೈಲು ನಿಂತಿತ್ತು. ಅಪ್ಪ ವ್ಯಾಗನ್ನುಗಳನ್ನು ನೋಡುತ್ತಲೇ ನೆಟ್ಟಗೆ ಕೂತರು. ಚಿನ್ಮಯಿ ಅದನ್ನು ಗಮನಿಸಿದಳು. ಆಮೇಲೆ ತನ್ನ ತುಂಡು ತುಂಡು ಕನ್ನಡದಲ್ಲಿ ಕೇಳಿದಳು, “ತಾತ, ಇಷ್ಟು ದೊಡ್ಡದು... ಹೇಗೆ ಖಾಲಿ ಮಾಡೋದು?”

ಅಷ್ಟೇ ಸಾಕಾಯಿತು.

ಅಪ್ಪ ಹೇಳತೊಡಗಿದರು. ವ್ಯಾಗನ್ ಟಿಪ್ಲರ್ ಅಂತ ಒಂದು ಯಂತ್ರ. ಇಡೀ ವ್ಯಾಗನ್ನನ್ನು ಹಳಿ ಸಮೇತ ಅಪ್ಪಿ ಹಿಡಿದು, ಮಗುಚಿ, ಕೆಳಗಿನ ಹಾಪರ್ ಎಂಬ ದೊಡ್ಡ ತೊಟ್ಟಿಗೆ ಸುರಿಯುತ್ತದೆ. ಬೇಸಿಗೆಯಲ್ಲಿ ಧೂಳು ಎಷ್ಟೆಂದರೆ ಪಕ್ಕದಲ್ಲಿರುವವನ ಮುಖ ಕಾಣುವುದಿಲ್ಲ. ಮಳೆಗಾಲದಲ್ಲಿ ಕಲ್ಲಿದ್ದಲು ಕೆಸರಾಗಿ ಬಂದು ಹಾಪರಿಗೆ ಮೆತ್ತಿಕೊಳ್ಳುತ್ತದೆ. ಆಗ ಯಂತ್ರದ ಆಟ ನಡೆಯುವುದಿಲ್ಲ. ಉದ್ದುದ್ದ ಕಬ್ಬಿಣದ ಸಲಾಕೆ ಹಿಡಿದು ಮನುಷ್ಯರೇ ತಿವಿಯಬೇಕು.

“ಒಂದ್ ಮಳಿಗಾಲ ಬಾಯ್ಲರಿಗೆ ಹಾಕಾಕ ಕಲ್ಲಿದ್ದಲಾ ಮುಗೀತಾ ಬಂತು. ಅದು ನಿಂತ್ರ ಕರೆಂಟ್ ಮಾಡೋ ಯೂನಿಟ್ ನಿಲ್ತದ. ಯೂನಿಟ್ ನಿಂತ್ರ ಊರೂರು ಕತ್ತಲ. ನಮ್ಮ ಗ್ಯಾಂಗಿನವ್ರು ಎರಡು ಶಿಫ್ಟು ಮನಿಗೇ ಹೋಗ್ಲಿಲ್ಲ. ತಿವಿದು ತಿವಿದು ಅಂಗೈ ಸುಲಿದುಹೋಗಿತ್ತು. ಯೂನಿಟ್ ನಿಲ್ಲಿಸ್ಲಿಲ್ಲ ನೋಡು.”

ಚಿನ್ಮಯಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ನಾನೂ ಅಷ್ಟೆ. ಆ ಎರಡು ಶಿಫ್ಟು ಅಪ್ಪ ಮನೆಗೆ ಬಾರದಿದ್ದದ್ದು ನನಗೆ ನೆನಪಿದೆ. ಯಾಕೆ ಅಂತ ಗೊತ್ತಾಗಿದ್ದು ಈಗ, ನಲವತ್ನಾಲ್ಕನೇ ವಯಸ್ಸಿನಲ್ಲಿ, ಕೊಲ್ಲಂ ಹತ್ತಿರದ ಒಂದು ರೈಲಿನಲ್ಲಿ.

“ನಮ್ಮ ಗ್ಯಾಂಗಿನಾಗ ಮಲ್ಲಪ್ಪ ಅಂತ ಇದ್ದ,” ಅಪ್ಪ ಮುಂದುವರಿಸಿದರು. “ಚೊಲೋ ಹಾಡ್ತಿದ್ದ. ಎದಿಯಾಗ ಧೂಳು ತುಂಬಿ ಹೋದ. ಅದನ್ನೂ ಹೇಳು. ಇದನ್ನೂ ಹೇಳು.”

ಮಗಳು ಕಾರ್ಡುಗಳನ್ನು ಬ್ಯಾಗಿಗೆ ಹಾಕಿದಳು.

ಹಾಲ್ ತುಂಬಿತ್ತು. ಕೊನೆಯ ಸುತ್ತಿಗೆ ಉಳಿದವರು ಇಬ್ಬರು: ಚಿನ್ಮಯಿ ಮತ್ತು ತಿರುವನಂತಪುರದ್ದೇ ಹುಡುಗಿ, ‘ಇಲ್ಲ’ ಪಕ್ಷದ ನಸ್ರೀನ್. ನಮ್ಮವಳು ಕಾರ್ಡಿನಲ್ಲಿದ್ದುದನ್ನೆಲ್ಲ ಅಚ್ಚುಕಟ್ಟಾಗಿ ಹೇಳಿದಳು. ಚಪ್ಪಾಳೆ. ಅಪ್ಪ ಕೈಕಟ್ಟಿಕೊಂಡು ಕೂತಿದ್ದರು. ನಾನು ಅವರ ಮುಖ ನೋಡಲಿಲ್ಲ.

ಆಮೇಲೆ ನಸ್ರೀನಳ ಪ್ರಶ್ನೆ. ಚೂಪಾದ ಹುಡುಗಿ. “ನೀವು ಇಲ್ಲಿಗೆ ಬಂದ ರೈಲು ಕರೆಂಟಿನಲ್ಲಿ ಓಡಿತು. ಈ ಮೈಕ್ ಕರೆಂಟಿನಲ್ಲಿ ನಡೆಯುತ್ತಿದೆ. ನಮ್ಮ ಅಣೆಕಟ್ಟುಗಳ ಕರೆಂಟು ಸಾಲದೆ ಕೇರಳ ಹೊರಗಿನಿಂದ ತರಿಸಿಕೊಳ್ಳುತ್ತದಲ್ಲ, ಅದು ಯಾವುದರಿಂದ ಬಂದದ್ದು?”

ಇದಕ್ಕೆ ಸಿದ್ಧ ಉತ್ತರ ಇತ್ತು. ಸೌರಶಕ್ತಿ, ಪವನಶಕ್ತಿ, ನೀಲಿ ಕಾರ್ಡು, ಮೂರನೇ ಸಾಲು. ನನಗೇ ಬಾಯಿಪಾಠವಾಗಿತ್ತು. ಚಿನ್ಮಯಿ ನೀಲಿ ಕಾರ್ಡು ತೆಗೆದಳು. ನೋಡಿದಳು. ಮೇಜಿನ ಮೇಲೆ ಮಗುಚಿಟ್ಟಳು.

“ಕಲ್ಲಿದ್ದಲಿನಿಂದ,” ಅಂದಳು. “ಅದನ್ನು ಇಳಿಸಿದವರಲ್ಲಿ ನನ್ನ ತಾತ ಒಬ್ಬರು. ಅವರು ಈ ಹಾಲಿನಲ್ಲಿದ್ದಾರೆ.”

ನಾನು ಅಪ್ಪನ ಕಿವಿಯಲ್ಲಿ ಅನುವಾದಿಸತೊಡಗಿದೆ. (ಈ ಸಲ ದನಿ ಸಣ್ಣದಾಗಲಿಲ್ಲ.)

ಅವಳು ಹೇಳುತ್ತ ಹೋದಳು. ವ್ಯಾಗನ್ ಮಗುಚುವ ಯಂತ್ರ, ಹಸಿ ಕಲ್ಲಿದ್ದಲು, ಸಲಾಕೆ, ಸುಲಿದ ಅಂಗೈ. ಮಲ್ಲಪ್ಪನ ಎದೆ. “ಬೆಳಕು ನಮ್ಮ ಮನೆಗೆ ಬರುತ್ತದೆ, ಹೊಗೆ ಅವರ ಊರಿನಲ್ಲೇ ಉಳಿಯುತ್ತದೆ. ಆದ್ದರಿಂದ ಕಲ್ಲಿದ್ದಲು ನಿಲ್ಲಲೇಬೇಕು. ಆದರೆ ನಾಳೆ ಬೆಳಗ್ಗೆಯೇ ನಿಲ್ಲಿಸಿದರೆ ಮೊದಲು ಕತ್ತಲಾಗುವುದು ನಮ್ಮ ಮನೆಯಲ್ಲ, ಅವರ ಮನೆ. ಅವರಿಗೆ ಬೇರೆ ಕೆಲಸ, ದೇಶಕ್ಕೆ ಬೇರೆ ಕರೆಂಟು ಸಿದ್ಧವಾಗಲಿ. ಆ ಸಿದ್ಧತೆ ಇವತ್ತೇ ಶುರುವಾಗಲಿ. ಕೂಡಲೇ ಎಂಬ ಪದವನ್ನು ನಾನು ವಾಪಸ್ ತೆಗೆದುಕೊಳ್ಳುತ್ತೇನೆ.”

ಅವಳ ಟೀಚರ್ ಹಣೆಗೆ ಕೈ ಹಚ್ಚಿದರು. ತನ್ನ ಪಕ್ಷದ ವಿಷಯವನ್ನೇ ವಾಪಸ್ ತೆಗೆದುಕೊಂಡ ಮೇಲೆ ಗೆಲ್ಲುವುದು ಹೇಗೆ? ತೀರ್ಪುಗಾರರಲ್ಲಿ ಹಿರಿಯರೊಬ್ಬರು, ನಿವೃತ್ತ ಇಂಜಿನಿಯರ್, ಅದನ್ನೇ ಮೆಲ್ಲಗೆ ಹೇಳಿದರು. ಮಾತು ಚೆನ್ನಾಗಿತ್ತು, ಆದರೆ ನಿಯಮ ನಿಯಮವೇ. ಮೊದಲ ಬಹುಮಾನ ನಸ್ರೀನಳಿಗೆ. ದೆಹಲಿಯೂ ಅವಳಿಗೆ.

ಚಿನ್ಮಯಿ ಕೆಳಗಿಳಿದು ಬಂದಳು. ಕಣ್ಣು ಕೆಂಪಗಿತ್ತು. “ತಾತ, ಸೋತೆ,” ಅಂದಳು.

ಅಪ್ಪ ಅವಳ ಕೈ ಹಿಡಿದುಕೊಂಡರು. “ಮೂವತ್ತು ವರ್ಷ ಕೆಲಸ ಮಾಡೀನಿ,” ಅಂದರು. “ಏನ್ ಮಾಡ್ತಿ, ಹೆಂಗ್ ಮಾಡ್ತಿ ಅಂತ ಯಾರೂ ಕೇಳಿದ್ದಿಲ್ಲ. ನೀ ಕೇಳ್ದಿ.”

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚಹಾದ ಹೊತ್ತಿಗೆ ನಸ್ರೀನ್ ತನ್ನ ಕಪ್ ಹಿಡಿದುಕೊಂಡೇ ಬಂದಳು. ವ್ಯಾಗನ್ ಮಗುಚುವಾಗ ಚಕ್ರ ಕಳಚಿ ಬೀಳುವುದಿಲ್ಲವೆ ಅಂತ ಅವಳಿಗೆ ಅನುಮಾನ. ಅಪ್ಪ ಕೈಯಲ್ಲಿದ್ದ ಸ್ಟೀಲ್ ಲೋಟವನ್ನೇ ವ್ಯಾಗನ್ ಮಾಡಿ, ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು, ಮಗುಚಿ ತೋರಿಸಿದರು. ಉಳಿದಿದ್ದ ಚಹಾ ಅವರ ಬಿಳಿ ಪಂಚೆಯ ಮೇಲೆ. ಅವರಿಗೆ ಅದರ ಪರಿವೆಯೇ ಇಲ್ಲ. ಸುತ್ತ ಹತ್ತಿಪ್ಪತ್ತು ಮಕ್ಕಳು. ಅಪ್ಪ ಕನ್ನಡದಲ್ಲಿ ಹೇಳುವುದು, ಚಿನ್ಮಯಿ ಮಲಯಾಳದಲ್ಲಿ ಹೇಳುವುದು. ಕೊನೆಗೆ ಆ ಇಂಜಿನಿಯರ್ ತೀರ್ಪುಗಾರರೂ ಬಂದು, ಹಿಂದಿಯಲ್ಲಿ, ಹಸಿ ಕಲ್ಲಿದ್ದಲಿಗೆ ನೀವು ಏನು ಉಪಾಯ ಮಾಡುತ್ತಿದ್ದಿರಿ ಅಂತ ಕೇಳಿದರು. ಇಬ್ಬರೂ ನಿಂತು ಅರ್ಧ ಗಂಟೆ ಮಾತಾಡಿದರು. ನಮ್ಮ ರೈಲು ತಪ್ಪಿತು. ಯಾರಿಗೆ ಬೇಕು ರೈಲು?

ನನಗಂತೂ ಆ ಉತ್ಸಾಹ ಇನ್ನೂ ಇಳಿದಿಲ್ಲ. ನಾನು ಮ್ಯಾನೇಜರ್ ಆಗಿರುವ ಏಲೂರಿನ ಬ್ಯಾಂಕ್ ಶಾಖೆಗೆ ಮನೆ ಮಹಡಿಯ ಸೋಲಾರ್ ಸಾಲಕ್ಕೆ ದಿನವೂ ಅರ್ಜಿಗಳು ಬರುತ್ತವೆ. ಸೋಮವಾರ ಒಂದೊಂದಕ್ಕೂ ಸಹಿ ಹಾಕುವಾಗ ಖುಷಿಯಾಯಿತು. ಇದೂ ಆ ಸಿದ್ಧತೆಯ ಒಂದು ಚೂರು ತಾನೆ? ಕರೆಂಟಿಲ್ಲದೆ ದೇಶ ಬೆಳೆಯುವುದಿಲ್ಲ. ಧೂಳು ಕುಡಿದು ಸಾಯುವವರ ಮೇಲೆ ನಿಂತು ಬೆಳೆಯುವುದೂ ಬೇಡ. ಹದಿನಾಲ್ಕು ವರ್ಷದ ಹುಡುಗಿಗೆ ಒಂದು ರೈಲು ಪ್ರಯಾಣದಲ್ಲಿ ಇಷ್ಟು ಅರ್ಥವಾಯಿತು, ಯಾಕೆಂದರೆ ಅವಳು ಆ ಕೆಲಸ ಮಾಡಿದವರನ್ನೇ ಕೇಳಿದಳು.

ಕಲ್ಲಿದ್ದಲನ್ನು ಯಾವಾಗ ಬಿಡಬೇಕು ಅಂತ ಏಸಿ ಹಾಲುಗಳಲ್ಲಿ ಇಷ್ಟೊಂದು ಸಭೆಗಳು ನಡೆಯುತ್ತವಲ್ಲ, ಅಲ್ಲಿ ಅದನ್ನು ಇಳಿಸಿದವರಿಗೆ ಯಾಕೆ ಒಂದೂ ಕುರ್ಚಿ ಇರುವುದಿಲ್ಲ?