ದವಡೆಗೆ ಕಟ್ಟಿದ ಕರವಸ್ತ್ರ

ನನ್ನ ದವಡೆ ಕಟ್ಟಿದವರು ಅಲ್ಲಾಉದ್ದೀನ್ ಚಾಚಾ. ನಾನು ಇನ್ನೂ ಬದುಕಿದ್ದೇನಲ್ಲ, ಅದೇ ಅವರ ಕಷ್ಟ.

ಮಾನ್ವಿಯ ನಮ್ಮ ಓಣಿಯಲ್ಲಿ ಗಂಡಸರು ತೀರಿಕೊಂಡರೆ ಕೊನೆಯ ಸ್ನಾನ ಮಾಡಿಸುವವರು ಚಾಚಾ. ಮೂವತ್ತು ವರ್ಷದಿಂದ ಮಾಡುತ್ತಿದ್ದರು. ಉಸಿರು ನಿಂತ ಕೂಡಲೇ ಕಣ್ಣು ಮುಚ್ಚಿಸಿ, ಬಾಯಿ ತೆರೆದೇ ಉಳಿಯದಂತೆ ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಬೇಕು. ತಡವಾದರೆ ಮೈ ಸೆಟೆದುಕೊಳ್ಳುತ್ತದೆ. ಅದಕ್ಕೇ ಅವರ ಜೇಬಿನಲ್ಲಿ ಸದಾ ಮಡಿಸಿದ ಬಿಳಿ ಕರವಸ್ತ್ರ. ಹೊತ್ತು ಹೋಗದಾಗ ನನ್ನ ಟೇಲರ್ ಅಂಗಡಿಗೆ ಬಂದು ಕೂರುವರು. ಆ ಕರವಸ್ತ್ರ ಕಂಡರೆ ನನ್ನ ಗಿರಾಕಿಗಳಿಗೆ ಆಗುತ್ತಿರಲಿಲ್ಲ.

ಆರು ತಿಂಗಳ ಹಿಂದೆ ಹೊಲಿಗೆ ಯಂತ್ರದ ಮೇಲೆಯೇ ಕುಸಿದೆ. ನನಗೇನೂ ನೆನಪಿಲ್ಲ, ಕಂಡವರ ಬಾಯಿಂದ ಸಾಕಾಗುವಷ್ಟು ಕೇಳಿದ್ದೇನೆ. ಬೆಂಚಿನ ಮೇಲೆ ಮಲಗಿಸಿದರಂತೆ. ನಾಡಿ ಸಿಗಲಿಲ್ಲವಂತೆ. ಬಾಯಿ ತೆರೆದು ಗೊರಕೆಯಂತೆ ಎರಡು ಸಲ ಉಸಿರೆಳೆದೆನಂತೆ. ಆ ಕೊನೆಯ ಉಸಿರಿನ ಗುರುತು ಚಾಚಾಗೆ ಚೆನ್ನಾಗಿ ಗೊತ್ತು. "ಇನಾಯತ್ ಹೋದ" ಎಂದವರೇ ಕರವಸ್ತ್ರ ತೆಗೆದು ಕಟ್ಟಿಬಿಟ್ಟರು.

ಅಷ್ಟರಲ್ಲಿ ರವಿಕೆ ಒಯ್ಯಲು ವಿಶಾಖಾ ಬಂದಳು. ನಮ್ಮ ಓಣಿಯವಳೇ, ರಾಯಚೂರಿನಲ್ಲಿ ನರ್ಸ್. ಕರವಸ್ತ್ರ ಕಿತ್ತೊಗೆದು, ನನ್ನನ್ನು ನೆಲಕ್ಕಿಳಿಸಿ, ಎದೆ ಒತ್ತತೊಡಗಿದಳಂತೆ.

"ಸತ್ತವರ ಮೈಗೆ ಹಿಂಗ ಮಾಡಬಾರ್ದು ಬೇಟಿ" ಎಂದು ಚಾಚಾ ಅವಳ ತೋಳು ಹಿಡಿದರಂತೆ.

ಅವಳು ಕೊಡವಿಕೊಂಡು ಒತ್ತುತ್ತಲೇ ಇದ್ದಳು. ಆಂಬುಲೆನ್ಸಿನವರು ಬಂದು ಎದೆಗೆ ಕರೆಂಟು ಕೊಟ್ಟು ರಾಯಚೂರಿಗೆ ಒಯ್ದರು. ಮೂರು ಪಕ್ಕೆಲುಬು ಮುರಿದವು, ಜೀವ ಉಳಿಯಿತು.

ಉಳಿದ ಜೀವ ಅಂಥ ಸುಖದ್ದೇನಲ್ಲ. ಒಂದು ತೋಳು ಹೊಲಿಯುವಷ್ಟರಲ್ಲಿ ಸುಸ್ತು. ವಿಶಾಖಾಳ ಆ ರವಿಕೆಯೇ ಇನ್ನೂ ಮುಗಿದಿಲ್ಲ. ಆದರೆ ನನಗಿಂತ ದಣಿದವರು ಚಾಚಾ. ದಿನಾ ಬಂದು ಕೂರುತ್ತಾರೆ. ಜೇಬಿನಲ್ಲಿ ಕರವಸ್ತ್ರವಿಲ್ಲ. ಸಾವಾದ ಮನೆಯಿಂದ ಕರೆ ಬಂದರೆ ಬೇರೆಯವರನ್ನು ತೋರಿಸುತ್ತಾರೆ. ನಾಚಿಕೆ ಇರಬೇಕೆಂದು ನಾನು ಚೇಷ್ಟೆ ಮಾಡುತ್ತಿದ್ದೆ: "ಚಾಚಾ, ಈ ಸಲ ಗಟ್ಟಿ ಕಟ್ಟ್ರಿ."

ಮೊನ್ನೆ ವಿಶಾಖಾ ಬಂದಳು. ಚಾಚಾ ಎದ್ದು ನಿಂತರು.

"ಒಂದು ಕೇಳ್ತೀನಿ ಬೇಟಿ, ಖರೇ ಹೇಳು. ಮೂರು ವರ್ಷದ ಹಿಂದ ದೇವದುರ್ಗದ ಹತ್ತಿ ಅಂಗಡ್ಯಾಗ ನನ್ನ ಮಗ ವಸೀಮ್ ಬಿದ್ದ. ಬಾಜೂಕ ನಾನೇ ಇದ್ದೆ. ಅವನೂ ಹಿಂಗ ಎರಡು ಉಸಿರು ಎಳದ. ನಾನೇ ದವಡಿ ಕಟ್ಟಿದೆ."

ನನ್ನ ಚೇಷ್ಟೆ ನೆನೆದು ನನಗೇ ಹೇಸಿಗೆಯಾಯಿತು.

"ಎದಿ ಒತ್ತಿದ್ರ ಉಳೀತಿದ್ನೇನು?"

ಇಲ್ಲ ಅಂದುಬಿಡು ತಾಯಿ, ಸುಳ್ಳಾದರೂ ಸರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಚಾಚಾರ ಕಡೆ ತಿರುಗಿದಳು.

"ಒತ್ತಿದ್ರೂ ಭಾಳ ಮಂದಿ ಉಳಿಯಂಗಿಲ್ರಿ ಚಾಚಾ. ನಿಮ್ಮ ಮಗ ಉಳೀತಿದ್ರೋ ಇಲ್ಲೋ, ನನಗ ಗೊತ್ತಿಲ್ಲ."

ಚಾಚಾ ತಲೆಯಾಡಿಸಿದರು. ಆಮೇಲೆ ನನ್ನ ಕುರ್ಚಿಯ ದಿಂಬು ಎಳೆದುಕೊಂಡು ನೆಲದ ಮೇಲೆ ಮೊಣಕಾಲೂರಿದರು.

"ಎಲ್ಲಿ ಒತ್ತಬೇಕು, ತೋರ್ಸು."

ಅವಳು ಅವರ ಅಂಗೈಗಳನ್ನು ಒಂದರ ಮೇಲೊಂದು ದಿಂಬಿನ ನಡುವೆ ಇಟ್ಟಳು. ಚಾಚಾ ಒತ್ತತೊಡಗಿದರು.

"ಬರೋಬ್ಬರಿ ಅದ ಚಾಚಾ" ಎಂದಳು ಅವಳು. ಸ್ವಲ್ಪ ಹೊತ್ತು ಬಿಟ್ಟು, "ಸಾಕ್ರಿ" ಎಂದಳು.

ಅವರು ನಿಲ್ಲಿಸಲಿಲ್ಲ.