ದಾಕ್ಷಾಯಣಿ ಗೋಡೆಗೆ ನೀರು ಎರಚಿದ್ದು

ಕೌಲ್ ಬಜಾರಿನ ಆ ಮನೆಯ ಮುಂಗೋಡೆಗೆ ಬ್ಯಾಂಕಿನವರು ಕೆಂಪು ಬಣ್ಣದಲ್ಲಿ ಬರೆದು ಹೋಗಿದ್ದರು: ‘ಈ ಆಸ್ತಿ ಬ್ಯಾಂಕಿನ ಜಪ್ತಿಗೆ ಒಳಪಟ್ಟಿದೆ.’ ದಾಕ್ಷಾಯಣಿಯ ಗಂಡ ದೊಡ್ಡಬಸವರಾಜ ಜೀನ್ಸ್ ಹೊಲಿಯುವ ಮಷೀನುಗಳಿಗಾಗಿ ಮನೆ ಅಡ ಇಟ್ಟಿದ್ದ. ಹೊಲಿಗೆ ನಿಂತಿತು, ಕಂತು ನಿಂತಿತು; ಅವನು ಕುರುಗೋಡಿನಲ್ಲಿ ಯಾರದೋ ಅಂಗಡಿಗೆ ಕೂಲಿ ಸೇರಿದ. ಮನೆ ಕಾಯುವ ಪಾಡು ಇವಳದು. ಬೀಗ ಬೀಳುವ ತನಕ ಮನೆ ಇವಳದೇ ಅಂತೆ! ಕಂದಾಯ ಇವಳೇ ಕಟ್ಟಬೇಕು, ಸೋರುವ ನಲ್ಲಿ ಇವಳೇ ರಿಪೇರಿ ಮಾಡಿಸಬೇಕು. ಬೀಗ ಯಾವತ್ತು ಅಂತ ಕೇಳಿದರೆ ಮಾತ್ರ ಬ್ಯಾಂಕಿನ ಕೌಂಟರಿಗೆ ಕಿವಿ ಕೇಳಿಸುವುದಿಲ್ಲ. ಬೀದಿಯಲ್ಲಿ ಜೀಪು ನಿಂತರೆ ಸಾಕು, ಬೀಗ ಹಾಕಲು ಬಂದರೇನೋ ಎಂದು ಬಾಗಿಲಿಗೆ ಓಡುತ್ತಾಳೆ.

ಮೈದುನ ಸಂಗಮೇಶ್ ಉಪಾಯ ಹುಡುಕಿದ. ಕೆಂಪಕ್ಷರದ ಮೇಲೆ ಸುಣ್ಣ ಹೊಡೆಸಿದ.

“ಭೋಗ್ಯಕ್ಕ ಕೊಡು ಅತ್ತಿಗಿ. ರೊಕ್ಕ ಒಮ್ಮಿಗೇ ಬರತೈತಿ.”

“ಬ್ಯಾಂಕಿನೋರು ಬಂದು ಅವರನ್ನ ಹೊರಗ ಹಾಕಿದ್ರ?”

“ಅದು ಅವರ ಹಣೆಬರ. ನೀ ಬಾಯಿ ಮುಚ್ಚಿಕೊಂಡಿರು, ಅಷ್ಟ.”

ಎಂಥ ಬುದ್ಧಿವಂತ ನೋಡಿ! ಬಾಡಿಗೆಯ ಬದಲು ಇಡೀ ಗಂಟನ್ನು ಮನೆಯೊಡೆಯರ ಕೈಗಿಟ್ಟು, ಬಿಡುವಾಗ ಪೂರ್ತಿ ವಾಪಸ್ ಬರುತ್ತದೆಂದು ನಂಬಿಯೇ ಜನ ಭೋಗ್ಯಕ್ಕೆ ಬರುತ್ತಾರೆ. ಆ ನಂಬಿಕೆಗೇ ಇವನು ಕನ್ನ ಕೊರೆಯಹೊರಟ.

ಸಿರುಗುಪ್ಪದಿಂದ ಕುಲ್ಸುಂಬೀ ಬಂದಳು. ಮಗಳು ಆಫ್ರೀನ್‌ಳ ನರ್ಸಿಂಗ್ ಓದಿಗೆ ಊರು ಬಿಟ್ಟು ಬರುವವಳು. ಅಡಿಗೆಮನೆ ನೋಡಿದಳು, ಟ್ಯಾಂಕಿನ ಮುಚ್ಚಳ ಎತ್ತಿ ಇಣುಕಿದಳು.

“ನಲ್ಲಿ ಸೋರಾಕತ್ತೈತಲ್ಲಕ್ಕಾ, ಯಾರು ಮಾಡಸೋದು?”

“ನಾನ ಮಾಡಸ್ತೀನವ್ವ. ಮನಿ ನಂದ...”

ದಾಕ್ಷಾಯಣಿ ಬಗ್ಗಿ ನಲ್ಲಿಯ ಕೆಳಗಿನ ಬಕೆಟನ್ನು ಸರಿಮಾಡಿದಳು.

“ಮತ್ತೇನು! ಎರಡೂ ಎಮ್ಮಿ ಮಾರಿ ಬಂದೀನಿ ತಾಯಿ, ಇನ್ನ ಊರಾಗ ನನ್ನ ಕರಿಯೋರು ಯಾರೂ ಇಲ್ಲ,” ಎಂದು ನಗುತ್ತಾ ಕುಲ್ಸುಂಬೀ ಸೆರಗಿನ ಗಂಟಿಗೆ ಕೈ ಹಾಕಿದಳು. ಬಾಗಿಲಲ್ಲಿ ನಿಂತ ಸಂಗಮೇಶ್ ತಗೋ ಅಂತ ಕಣ್ಣಲ್ಲೇ ಸನ್ನೆ ಮಾಡಿದ.

ದಾಕ್ಷಾಯಣಿ ನಲ್ಲಿಯ ಕೆಳಗಿದ್ದ ಬಕೆಟ್ ಎತ್ತಿಕೊಂಡು ಹೊರಗೆ ನಡೆದಳು. ನೀರನ್ನೆಲ್ಲ ಮುಂಗೋಡೆಗೆ ಎರಚಿದಳು. ಹಸಿಯಾದ ಸುಣ್ಣದ ಕೆಳಗೆ ಕೆಂಪು ಮೂಡಿತು.

ಹಿಂದೆಯೇ ಬಂದ ಕುಲ್ಸುಂಬೀ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ನಗು ಇಂಗಿತು.

“ಯಾ ಅಲ್ಲಾ! ಇದನ್ನ ಮೊದಲ ಹೇಳಾಕ ಏನಾಗಿತ್ತವ್ವ ನಿಮಗ?”

“ಬಾಯಿ ಬರಲಿಲ್ಲವ್ವ.”

ಕುಲ್ಸುಂಬೀ ಗಂಟನ್ನು ಸೊಂಟಕ್ಕೆ ಸಿಕ್ಕಿಸಿ, ತಿರುಗಿಯೂ ನೋಡದೆ ಆಟೋ ಹತ್ತಿದಳು.

“ತಲಿ ಕೆಟ್ಟೈತೇನು ನಿನಗ?” ಸಂಗಮೇಶ್ ಹಲ್ಲು ಕಡಿದ. “ಗೋಡಿ ಒಣಗಲಿ. ಸಂಜಿಗೆ ತೆಕ್ಕಲಕೋಟಿಯೋರು ಮನಿ ನೋಡಾಕ ಬರ್ತಾರ. ಅವರ ಮುಂದ ಏನಾರ ಆಟ ಆಡಿದಿ...”

ಬಿಸಿಲಿಗೆ ಕೆಂಪಕ್ಷರಗಳು ಮೆಲ್ಲಗೆ ಬಿಳಿಯೊಳಗೆ ಸರಿದವು. ಬೀದಿ ತುದಿಯಲ್ಲಿ ಯಾವುದೋ ಗಾಡಿ ನಿಂತ ಸದ್ದು. ದಾಕ್ಷಾಯಣಿ ಬೆಚ್ಚಿ ಇಣುಕಿದಳು. ತರಕಾರಿಯವನು.

ಒಳಗೆ ಹೋಗಿ ಬಕೆಟನ್ನು ಮತ್ತೆ ಸೋರುವ ನಲ್ಲಿಯ ಕೆಳಗಿಟ್ಟಳು. ಸಂಜೆಯೊಳಗೆ ತುಂಬಬೇಕು.