ಖಾಲಿ ಡಬ್ಬಿಯ ವಾಸನೆ

ಸತ್ತವರು ಸುಳಿವು ಕೊಡುತ್ತಾರೆ ಎಂದು ಯಾರಾದರೂ ಹೇಳಿದರೆ ಮೊದಲೆಲ್ಲ ನಗುತ್ತಿದ್ದೆ. ಈಗ ನಗುವುದಿಲ್ಲ, ಹೊಟ್ಟೆ ಉರಿಯುತ್ತದೆ. ಯಾಕೆ ಎನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ತಮ್ಮನ ಹೆಂಡತಿ ಸ್ಮಿತಾ ಸ್ಟೌಫ್‌ವಿಲ್‌ನಿಂದ ನಾನಿರುವ ಮಾರ್ಕಮ್‌ಗೆ ಬಂದು, ನನ್ನನ್ನು ಕಾರಿನಲ್ಲಿ ಹತ್ತಿಸಿಕೊಂಡು ಟೊರಾಂಟೊದ ಒಂದು ಯಹೂದಿ ಕಲಾಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಅವಳ ಆಫೀಸಿನ ಗೆಳತಿಯ ತಾಯಿ ಅಲ್ಲಿ ಕಲಾವಿದೆ. ಒಂದು ಕಡೆ ಗಾಜಿನ ಪೆಟ್ಟಿಗೆಗಳಲ್ಲಿ ಸಾವಿರಾರು ವರ್ಷ ಹಳೆಯ ಮಣ್ಣಿನ ಹಣತೆಗಳು, ಸುಗಂಧತೈಲದ ಪುಟ್ಟ ಶೀಶೆಗಳು. ಇನ್ನೊಂದು ಕಡೆ, ಅವನ್ನು ನೋಡಿ ಈಗಿನವರು ಮಾಡಿದ ಕಲಾಕೃತಿಗಳು.

ಸ್ಮಿತಾಳ ಕೈಯಲ್ಲಿ ಅಮ್ಮನ ಬಳೆಗಳಿದ್ದವು. ಮುಂದೆ ಬರುವ ಸೊಸೆಗೆ ಎಂದು ಅಮ್ಮ ತೆಗೆದಿಟ್ಟಿದ್ದವು. ಹುಬ್ಬಳ್ಳಿಯಲ್ಲಿ ಅಮ್ಮ ತೀರಿಕೊಂಡಾಗ ನಾನಿನ್ನೂ ಶಾಲೆಯ ಹುಡುಗಿ, ತಮ್ಮ ತೊಟ್ಟಿಲ ಕೂಸು. ಸೊಸೆಯ ಮುಖವನ್ನೇ ಅವಳು ಕಂಡವಳಲ್ಲ. ಆದರೂ ಬಳೆ ಸೊಸೆಗೆ! ಅವು ಸದ್ದು ಮಾಡಿದಾಗಲೆಲ್ಲ ನನಗೆ ಒಳಗೊಳಗೇ ಕಿಚ್ಚು.

ಆ ಕಲಾವಿದೆ ಗೋಪುರದ ಆಕಾರದ ಒಂದು ಬೆಳ್ಳಿ ಡಬ್ಬಿ ಮಾಡಿದ್ದರು. ಶನಿವಾರ ಸಂಜೆ, ಅವರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಮುಗಿಯುವಾಗ, ಅವರ ಮನೆಗಳಲ್ಲಿ ಲವಂಗ, ದಾಲ್ಚಿನ್ನಿ ತುಂಬಿದ ಇಂಥ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಮೂಸುತ್ತಾರಂತೆ. ಈ ಡಬ್ಬಿಯನ್ನು ಮಾತ್ರ ಬೇಕೆಂದೇ ಖಾಲಿ ಬಿಟ್ಟಿದ್ದರು. ಮುಚ್ಚಳ ತೆಗೆದು, ಬೋರಲು ಹಾಕಿ ತೋರಿಸಿ, ಮೂಸಿ ನೋಡಿ ಎಂದು ಕೊಟ್ಟರು. ನಾನು ಮೊದಲು ಮೂಸಿದೆ. ಏನೂ ಇಲ್ಲ. ಸ್ಮಿತಾಗೆ ದಾಟಿಸಿದೆ.

ಅವಳು ಮೂಸಿದವಳೇ ಮೇಲಿಂದ ಮೇಲೆ ಸೀನತೊಡಗಿದಳು. ಕಣ್ಣಲ್ಲಿ ನೀರು ಬಂತು.

“ಅಕ್ಕಾ, ಎಂಥಾ ಸ್ಮೆಲ್ಲು! ಮರುಗದ್ದು. ಅದರ ಜೊತೆ ಏನೋ ಘಾಟು, ಹೊಗೆಸೊಪ್ಪಿನ ಪುಡಿ ಥರ. ನಿಮಗೆ ಬರ್ಲಿಲ್ವಾ?”

ಅಮ್ಮ ಯಾರಿಗೂ ತಿಳಿಯದಂತೆ ನಶ್ಯ ಏರಿಸುತ್ತಿದ್ದಳು. ಘಾಟು ಗೊತ್ತಾಗದಿರಲೆಂದು ನಶ್ಯವನ್ನೂ ಮರುಗವನ್ನೂ ಒಟ್ಟಿಗೇ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಅಂಗಡಿಯಿಂದ ಕದ್ದುಮುಚ್ಚಿ ತಂದುಕೊಡುತ್ತಿದ್ದವಳು ನಾನು. ಅಪ್ಪನಿಗೂ ಗೊತ್ತಿರಲಿಲ್ಲ. “ಯಾರ ಮುಂದೂ ಹೇಳಬ್ಯಾಡ ನೋಡವಾ, ಇದು ನಮ್ಮಿಬ್ಬರದ” ಎನ್ನುತ್ತಿದ್ದಳು. ಅಂದಿನವರೆಗೂ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

“ಇಲ್ಲಿ ಕೊಡು” ಎಂದು ಡಬ್ಬಿ ಕಿತ್ತುಕೊಂಡು ಮೂಗಿಗೆ ಒತ್ತಿ ಹಿಡಿದೆ. ತಣ್ಣನೆಯ ಬೆಳ್ಳಿ, ಅಷ್ಟೇ. ಏನಿರಬಹುದು ಎಂದು ಸ್ಮಿತಾ ಕೇಳಿದಳು. “ಯಾವ ಮಸಾಲಿನೋ ಏನೋ, ನನಗೇನ್ ಗೊತ್ತು” ಎಂದೆ.

ಆಮೇಲೆ ಬಸ್ಸು ಹಿಡಿದು ಒಬ್ಬಳೇ ಮತ್ತೆ ಹೋದೆ. ಪ್ರದರ್ಶನ ಮುಗಿಯುವವರೆಗೂ ಹೋಗುತ್ತಲೇ ಇದ್ದೆ. ಕಲಾವಿದೆ ಏನೂ ಕೇಳದೆ ಡಬ್ಬಿ ಕೈಗೆ ಕೊಡುತ್ತಿದ್ದರು. ಸ್ಮಿತಾಗೆ ಭ್ರಮೆಯಾಯಿತು ಎನ್ನೋಣವೆಂದರೆ, ತನಗೆ ಗೊತ್ತೇ ಇಲ್ಲದವಳ ಸೆರಗಿನ ವಾಸನೆ ಅವಳ ಭ್ರಮೆಗೆ ಎಲ್ಲಿಂದ ಬಂತು? ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಯದಿದ್ದರೆ ಬೇಡ. ಆದರೆ ಅಮ್ಮ ಬಂದದ್ದೇ ನಿಜವಾದರೆ, ನಾನೂ ಅಲ್ಲೇ, ಪಕ್ಕದಲ್ಲೇ ನಿಂತಿದ್ದೆನಲ್ಲ.